ಇಮೇಲ್ ಪತ್ರಿಕೆಗೆ ತಕ್ಕ ನೆಲೆ

2024ನೆಯ ಇಸವಿಯ ಫೆಬ್ರವರಿ 29ರಂದು ಟೈನಿಲೆಟರ್ ಎಂಬ ಸೇವೆ ನಿಂತುಹೋಯಿತು. 2010ರಲ್ಲಿ ಹುಟ್ಟಿ, ಮರುವರ್ಷವೇ ಮೇಲ್‌ಚಿಂಪ್ ಎಂಬ ದೊಡ್ಡ ಸಂಸ್ಥೆಯ ಕೈಸೇರಿ, ಕಾಸಿನ ಖರ್ಚಿಲ್ಲದೆ ತಮ್ಮ ಬರೆಹವನ್ನು ಓದುಗರ ಇಮೇಲ್ ಪೆಟ್ಟಿಗೆಗೆ ನೇರವಾಗಿ ತಲುಪಿಸಬಯಸಿದವರಿಗೆಲ್ಲ ಒಂದು ದಶಕಕ್ಕೂ ಮಿಕ್ಕಿ ಆಸರೆಯಾಗಿದ್ದ ಆ ಸೇವೆಯನ್ನು ಮುಚ್ಚುವಾಗ, ಅದರಲ್ಲಿ ಬರೆಯುತ್ತಿದ್ದವರ ಅಭಿಮತವನ್ನು ಕೇಳಬೇಕಾದ ಅಗತ್ಯವೇನೂ ಒಡೆಯರಿಗೆ ಇರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ರೆವ್ಯೂ ಎಂಬ ಇನ್ನೊಂದು ಸೇವೆಗೂ ಇದೇ ಗತಿ ಬಂದಿತ್ತು. ಅದನ್ನು 2021ರ ಜನವರಿಯಲ್ಲಿ ಬಹು ಸಂಭ್ರಮದಿಂದ ಕೊಂಡ ಟ್ವಿಟರ್, 2023ರ ಜನವರಿ 18ಕ್ಕೆ ಬಾಗಿಲಿಕ್ಕಿತು. ಫೇಸ್‌ಬುಕ್ ಆರಂಭಿಸಿದ ಬುಲೆಟಿನ್ ಎಂಬ ಸೇವೆ 2021ರ ಜೂನ್‌ನಿಂದ 2023ರ ಆರಂಭದವರೆಗೆ, ಅಂದರೆ ಎರಡು ವರ್ಷವೂ ತುಂಬದಷ್ಟು ಕಾಲ, ಬದುಕಿತು. ಹೀಗಿರುವಾಗ ಇಮೇಲ್ ಪತ್ರಿಕೆಯೊಂದನ್ನು ಆರಂಭಿಸಬೇಕೆಂದಿರುವವರು, ಯಾವ ಸೇವೆಯ ಪುಟ ಎಷ್ಟು ಚೆಂದ, ಯಾವುದರಲ್ಲಿ ಅಕ್ಷರಗಳು ಎಷ್ಟು ಮುದ್ದಾಗಿ ಮೂಡುತ್ತವೆ ಎಂಬುದನ್ನು ನೋಡುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನಗನ್ನಿಸುತ್ತದೆ: ಈ ಸಂಸ್ಥೆಗೆ ಅನ್ನ ಎಲ್ಲಿಂದ ಬರುತ್ತದೆ? ನಾನು ಇಲ್ಲಿಂದ ಹೊರಡಬೇಕೆಂದಾಗ ನನ್ನ ಓದುಗರನ್ನು ಇದು ನನ್ನೊಡನೆ ಕಳುಹಿಸಿಕೊಡುತ್ತದೆಯೆ? ನೀತಿಯ ವಿಚಾರವೂ ವ್ಯವಹಾರದ ವಿಚಾರವೂ ಬೇರೆಬೇರೆ ಎಂದು ಮೇಲುನೋಟಕ್ಕೆ ತೋರಿದರೂ, ಈ ಎರಡು ಪ್ರಶ್ನೆಗಳ ಬಳಿ ಅವೆರಡೂ ಬಂದು ಕೂಡಿಕೊಳ್ಳುತ್ತವೆ.

ನ್ಯೂಸ್‌ಲೆಟರ್ ಎಂದು ಎಲ್ಲರೂ ಕರೆಯುವ ಈ ಪತ್ರಿಕೆಯ ಸ್ವರೂಪ ಕನ್ನಡಿಗರಿಗೆ ತೀರ ಅಪರಿಚಿತವಾದುದೇನಲ್ಲ. ಲೇಖಕನೇ ಸಂಪಾದಕನಾಗಿ, ಪ್ರಕಾಶಕನಾಗಿ, ಕೆಲವೊಮ್ಮೆ ಮಾರಾಟಗಾರನೂ ಆಗಿ ಓದುಗನ ಬಳಿಗೆ ತಾನೇ ಹೋಗುವ ಪದ್ಧತಿ ನಮ್ಮಲ್ಲಿ ಹಳೆಯದು; 'ಸದ್ಬೋಧ ಚಂದ್ರಿಕೆ'ಯನ್ನು ನಡೆಸಿದ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದುದು ಸಾಹಿತ್ಯದ ಇತಿಹಾಸವನ್ನು ಅಲ್ಪಸ್ವಲ್ಪ ಬಲ್ಲವರಿಗೂ ಗೊತ್ತು. 1980ರಲ್ಲಿ ಪಿ. ಲಂಕೇಶ್ ಅವರು ತಮ್ಮ ಪತ್ರಿಕೆಯನ್ನು ಜಾಹೀರಾತಿಲ್ಲದೆ, ಓದುಗರ ಹಣದ ಮೇಲೆಯೇ ನಡೆಸಲು ಹೊರಟಾಗ, ಪತ್ರಿಕೆಯ ಅನ್ನದ ಮೂಲಕ್ಕೂ ಅದರ ಮಾತಿನ ಸ್ವಾತಂತ್ರ್ಯಕ್ಕೂ ಇರುವ ನಂಟು ಕನ್ನಡ ಓದುಗರಿಗೆ ಕಣ್ಣೆದುರಿನ ಸಂಗತಿಯಾಯಿತು. ಇಂದಿನ ಇಮೇಲ್ ಪತ್ರಿಕೆಯಲ್ಲಿ ಮುದ್ರಣಾಲಯವಿಲ್ಲ, ಅಂಚೆಚೀಟಿಯಿಲ್ಲ. ಆದರೆ ಲೇಖಕನಿಗೂ ಓದುಗನಿಗೂ ನಡುವೆ ಒಂದು ಕಂಪನಿಯ ಯಂತ್ರ ನಿಂತಿದೆ, ಮತ್ತು ಚಂದಾದಾರರ ಪಟ್ಟಿ ಲೇಖಕನ ಮೇಜಿನ ಖಾನೆಯಲ್ಲಿರದೆ ಆ ಯಂತ್ರದ ಉದರದಲ್ಲಿದೆ.

ಈ ಯಂತ್ರಗಳ ಪೈಕಿ ಇಂದು ಅತ್ಯಂತ ಪ್ರಸಿದ್ಧವಾದುದು ಸಬ್‌ಸ್ಟ್ಯಾಕ್. 2017ರಲ್ಲಿ ಕ್ರಿಸ್ ಬೆಸ್ಟ್, ಹೇಮಿಶ್ ಮೆಕೆಂಜಿ, ಜೈರಾಜ್ ಸೇಠಿ ಎಂಬ ಮೂವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಕರಾರು ಸರಳವಾದುದು: ಓದುಗರಿಗೆ ನೀವು ಉಚಿತವಾಗಿ ಬರೆದರೆ ನಿಮ್ಮಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ, ಓದುಗರು ನಿಮಗೆ ಹಣ ಕೊಟ್ಟರೆ ಅದರಲ್ಲಿ ನೂರಕ್ಕೆ ಹತ್ತು ಸಂಸ್ಥೆಯದು. ಹಣ ದಾಟಿಸುವ ಸ್ಟ್ರೈಪ್ ಕಂಪನಿಯ ಶುಲ್ಕ ಬೇರೆ. ಐದು ನಿಮಿಷದಲ್ಲಿ ಖಾತೆ ತೆರೆದು, ಅರ್ಧ ಗಂಟೆಯಲ್ಲಿ ಮೊದಲ ಪತ್ರವನ್ನು ಕಳುಹಿಸಬಹುದಾದ ಈ ಸೌಕರ್ಯವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಎಷ್ಟೋ ಮಂದಿ ಲೇಖಕರು ಬರೆಯಲು ಧೈರ್ಯ ಮಾಡಿದ್ದೇ ಈ ಸುಲಭದಿಂದ. ಅದೂ ಅಲ್ಲದೆ, ಒಬ್ಬ ಲೇಖಕ ತನ್ನ ಓದುಗರಿಗೆ ಇನ್ನೊಬ್ಬನ ಪತ್ರಿಕೆಯನ್ನು ಶಿಫಾರಸು ಮಾಡುವ ಏರ್ಪಾಡು ಅಲ್ಲಿರುವುದರಿಂದ ಹೊಸ ಬರೆಹಗಾರನಿಗೂ ನಾಲ್ಕು ಜನ ಬೇಗ ದೊರೆಯುತ್ತಾರೆ. ಇಷ್ಟು ಒಳ್ಳೆಯ ಮಾತನ್ನು ಹೇಳಿದ ಮೇಲೆಯೇ ಮುಂದಿನದನ್ನು ಹೇಳಬೇಕು.

2023ರ ನವೆಂಬರಿನಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ಜೊನಾಥನ್ ಕಾಟ್ಜ್ ಎಂಬ ಪತ್ರಕರ್ತರ ಲೇಖನವೊಂದು ಪ್ರಕಟವಾಯಿತು. ಸಬ್‌ಸ್ಟ್ಯಾಕ್‌ನಲ್ಲಿ ನಾಜಿ ಚಿಹ್ನೆಗಳನ್ನು ಬಹಿರಂಗವಾಗಿ ಧರಿಸಿದ ಕನಿಷ್ಠ 16 ಪತ್ರಿಕೆಗಳಿವೆ, ಅವುಗಳಲ್ಲಿ ಕೆಲವು ಓದುಗರಿಂದ ಹಣ ಪಡೆಯುತ್ತಿವೆ ಎಂಬುದು ಅದರ ತಿರುಳು. ಇನ್ನೂರಕ್ಕೂ ಹೆಚ್ಚು ಮಂದಿ ಲೇಖಕರು ಸಂಸ್ಥೆಗೆ ಬಹಿರಂಗ ಪತ್ರ ಬರೆದು, ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದರು. ಇನ್ನೊಂದು ಬಣದ ಲೇಖಕರು, ಯಾವುದನ್ನು ಓದಬೇಕೆಂಬುದನ್ನು ಓದುಗರೇ ತೀರ್ಮಾನಿಸಲಿ, ಸಂಸ್ಥೆ ನಡುವೆ ಬಾರದಿರಲಿ ಎಂದು ಪ್ರತಿಪತ್ರ ಬರೆದರು. ಡಿಸೆಂಬರಿನಲ್ಲಿ ಮೆಕೆಂಜಿ ಅವರು ಕೊಟ್ಟ ಉತ್ತರದ ಸಾರವಿಷ್ಟು: ನಮಗೂ ನಾಜಿಗಳು ಇಷ್ಟವಿಲ್ಲ, ಆದರೆ ಅವರ ಬಾಯಿ ಕಟ್ಟುವುದರಿಂದಾಗಲಿ ಆದಾಯ ನಿಲ್ಲಿಸುವುದರಿಂದಾಗಲಿ ಸಮಸ್ಯೆ ತೀರದು. 2024ರ ಜನವರಿಯಲ್ಲಿ ಕೇಸಿ ನ್ಯೂಟನ್ ಅವರ 'ಪ್ಲಾಟ್‌ಫಾರ್ಮರ್' ಎಂಬ ಹೆಸರಾಂತ ಪತ್ರಿಕೆ, ಲಕ್ಷಕ್ಕೂ ಮೀರಿದ ತನ್ನ ಚಂದಾದಾರರೊಡನೆ, ಸಬ್‌ಸ್ಟ್ಯಾಕ್ ಬಿಟ್ಟು ಘೋಸ್ಟ್ ಎಂಬ ಬೇರೊಂದು ವೇದಿಕೆಗೆ ಹೊರಟುಹೋಯಿತು. ಅಷ್ಟರಲ್ಲಿ ಸಂಸ್ಥೆ ಐದು ಸಣ್ಣ ಪತ್ರಿಕೆಗಳನ್ನು ತೆಗೆದುಹಾಕಿತ್ತು.

ವಾಕ್‌ಸ್ವಾತಂತ್ರ್ಯದ ಪಕ್ಷ ವಹಿಸುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಮುದ್ರಣಕ್ಕೆ ಬಂದ ಪ್ರತಿಯೊಂದು ಹಾಳೆಯ ಅಭಿಪ್ರಾಯಕ್ಕೂ ಮುದ್ರಣಾಲಯದವನನ್ನು ಹೊಣೆಯಾಗಿಸಿದರೆ ಯಾವ ಮುದ್ರಣಾಲಯವೂ ಉಳಿಯದು. ಆದರೆ ಈ ವಿವಾದದ ಮರ್ಮ ಮಾತಿನಲ್ಲಿರದೆ ಹಣದಲ್ಲಿತ್ತು ಎಂಬುದು ನನ್ನ ತಿಳಿವಳಿಕೆ. ಹತ್ತರಲ್ಲೊಂದು ಪಾಲಿನ ಕರಾರಿನಲ್ಲಿ, ದ್ವೇಷವನ್ನು ಬಿತ್ತುವ ಪತ್ರಿಕೆಗೆ ಓದುಗನೊಬ್ಬ ನೂರು ರೂಪಾಯಿ ಕೊಟ್ಟರೆ ಹತ್ತು ರೂಪಾಯಿ ಸಂಸ್ಥೆಗೆ ಸಂದಾಯವಾಗುತ್ತದೆ. ಆ ಹಣದಿಂದಲೂ ಬಂಡವಾಳಗಾರರ ಹಣದಿಂದಲೂ ಸೇರಿ ನಡೆಯುವ ಯಂತ್ರದಲ್ಲಿಯೇ, ಚಂದಾ ಪಡೆಯದ ಸಾತ್ತ್ವಿಕ ಲೇಖಕನ ಪತ್ರವೂ ಉಚಿತವಾಗಿ ರವಾನೆಯಾಗುತ್ತದೆ. ಅನ್ನಛತ್ರದಲ್ಲಿ ಉಂಡು ಹೋಗುವ ದಾರಿಹೋಕನಿಗೆ ಛತ್ರ ಕಟ್ಟಿಸಿದವನ ಸಂಪಾದನೆಯ ಮೂಲವನ್ನು ವಿಚಾರಿಸುವ ಹೊಣೆಯಿಲ್ಲ, ನಿಜ. ಆದರೆ ಅದೇ ಛತ್ರದ ಜಗಲಿಯ ಮೇಲೆ ತನ್ನ ಅಂಗಡಿ ತೆರೆದು ಕೂತವನಿಗೆ ಆ ಹೊಣೆ ಒಂದಿಷ್ಟಾದರೂ ಇದೆ.

ಘೋಸ್ಟ್‌ನ ಕಥೆ ಇದಕ್ಕಿಂತ ಭಿನ್ನವಾದುದು. 2013ರಲ್ಲಿ ಜಾನ್ ಒ'ನೋಲನ್ ಮತ್ತು ಹ್ಯಾನಾ ವುಲ್ಫ್ ಎಂಬಿಬ್ಬರು ಕಿಕ್‌ಸ್ಟಾರ್ಟರ್ ಮೂಲಕ ಸಾರ್ವಜನಿಕರಿಂದ ಸುಮಾರು 1,96,000 ಪೌಂಡು ಸಂಗ್ರಹಿಸಿ ಆರಂಭಿಸಿದ ಇದು, ಸಿಂಗಪುರದಲ್ಲಿ ನೋಂದಣಿಯಾದ ಲಾಭರಹಿತ ಪ್ರತಿಷ್ಠಾನ. ಇದಕ್ಕೆ ಷೇರುದಾರರಿಲ್ಲ, ಆದುದರಿಂದ ಒಂದು ಬೆಳಗ್ಗೆ ಇದನ್ನು ಇನ್ನೊಬ್ಬ ಧನಿಕನಿಗೆ ಮಾರಿಬಿಡುವ ಸಂಭವವೂ ಇಲ್ಲ. ಇದರ ತಂತ್ರಾಂಶ ಮುಕ್ತವಾದುದು: ಬೇಕೆಂದವರು ಇಳಿಸಿಕೊಂಡು ತಮ್ಮದೇ ಸರ್ವರಿನಲ್ಲಿ ನಡೆಸಬಹುದು, ಆ ತಲೆನೋವು ಬೇಡವೆಂದವರು ಪ್ರತಿಷ್ಠಾನಕ್ಕೇ ಶುಲ್ಕ ಕೊಟ್ಟು ನಡೆಸಿಸಿಕೊಳ್ಳಬಹುದು. ಚಂದಾಹಣದಲ್ಲಿ ಅದು ಪಾಲು ಕೇಳುವುದಿಲ್ಲ. ಓದುಗರ ಸಂಖ್ಯೆಗೆ ತಕ್ಕಂತೆ ನಿಗದಿಯಾದ ಶುಲ್ಕವನ್ನಷ್ಟೇ ಪಡೆಯುತ್ತದೆ. ಮುಕ್ತ ತಂತ್ರಾಂಶವನ್ನು ದುಷ್ಟರೂ ಇಳಿಸಿಕೊಳ್ಳಬಹುದಲ್ಲ ಎಂಬ ಆಕ್ಷೇಪ ಹುಟ್ಟುವುದು ಸಹಜ. ಇಳಿಸಿಕೊಳ್ಳಬಹುದು, ಆದರೆ ಅವರ ಚಂದಾಹಣದಲ್ಲಿ ಘೋಸ್ಟ್‌ಗೆ ಪಾಲು ಹೋಗುವುದಿಲ್ಲ ಎಂಬುದೇ ಇಲ್ಲಿಯ ಅಂತರ.

ಇನ್ನು ಲೆಕ್ಕ. ಒಬ್ಬ ಲೇಖಕನಿಗೆ ತಿಂಗಳಿಗೆ ನೂರು ರೂಪಾಯಿ ಕೊಡುವ 1,000 ಓದುಗರಿದ್ದಾರೆಂದು ಭಾವಿಸೋಣ. ತಿಂಗಳಿಗೆ ಒಂದು ಲಕ್ಷ ರೂಪಾಯಿ ವರಮಾನ. ಹತ್ತರಲ್ಲೊಂದು ಪಾಲಿನ ಕರಾರಿನಲ್ಲಿ ವರ್ಷಕ್ಕೆ 1,20,000 ರೂಪಾಯಿ ವೇದಿಕೆಗೆ ಹೋಗುತ್ತದೆ, ಮತ್ತು ಓದುಗರು ಇಮ್ಮಡಿಯಾದಂತೆ ಈ ಕಪ್ಪವೂ ಇಮ್ಮಡಿಯಾಗುತ್ತದೆ. ಇಂಥವನಿಗೆ ನಿಗದಿತ ಶುಲ್ಕದ ವೇದಿಕೆಯೇ ಲಾಭ. ಆದರೆ ಇದರ ಇನ್ನೊಂದು ಮಗ್ಗುಲನ್ನು ನೀತಿವಾದಿಗಳು ಮರೆಮಾಚುವುದುಂಟು. ಇಪ್ಪತ್ತು ಸಾವಿರ ಓದುಗರಿದ್ದು ಒಬ್ಬರಿಂದಲೂ ಕಾಸು ಪಡೆಯದ, ಕಥೆಯನ್ನೋ ಊರಿನ ಇತಿಹಾಸವನ್ನೋ ಪ್ರೀತಿಗಾಗಿ ಬರೆಯುವ ಲೇಖಕನಿಗೆ ಸಬ್‌ಸ್ಟ್ಯಾಕ್‌ನಲ್ಲಿ ಶೂನ್ಯ ಖರ್ಚು, ಘೋಸ್ಟ್‌ನಲ್ಲಾದರೆ ಪ್ರತಿ ತಿಂಗಳೂ ಕೈಯಿಂದ ಖರ್ಚು. ಉಳ್ಳವನಿಗೆ ಸುಲಭವಾದ ನೀತಿ ಇಲ್ಲದವನಿಗೆ ದುಬಾರಿಯಾಗುವ ಈ ವಿಪರ್ಯಾಸವನ್ನು ಒಪ್ಪಿಕೊಂಡೇ ಸಲಹೆ ಹೇಳಬೇಕು. ಉಚಿತವೆಂಬುದು ಶಾಶ್ವತವೂ ಅಲ್ಲ: 2,000 ವಿಳಾಸಗಳವರೆಗೆ ಉಚಿತವಾಗಿದ್ದ ಮೇಲ್‌ಚಿಂಪ್, 2021ರಲ್ಲಿ ಇಂಟ್ಯೂಟ್ ಕಂಪನಿ ಅದನ್ನು ಸುಮಾರು 1,200 ಕೋಟಿ ಡಾಲರಿಗೆ ಕೊಂಡ ಮೇಲೆ ಆ ಮಿತಿಯನ್ನು 500ಕ್ಕೆ ಇಳಿಸಿತು.

ಬಟನ್‌ಡೌನ್ ಎಂಬ ಸಣ್ಣ ಸೇವೆಯ ಹೆಸರನ್ನು ಇಲ್ಲಿ ಹೇಳದೆ ಹೋಗುವುದು ನ್ಯಾಯವಲ್ಲ. ಕೆಲವೇ ಜನರ ಕೈಯಲ್ಲಿ ನಡೆಯುವ, ಆಡಂಬರವಿಲ್ಲದ ಈ ಸೇವೆಯಲ್ಲಿ ಓದುಗನ ಹಿಂದೆ ಬೇಹುಗಾರಿಕೆ ಮಾಡುವ ಸಾಧನಗಳನ್ನು ಲೇಖಕನೇ ನಿಲ್ಲಿಸಿಬಿಡಬಹುದು. ನೂರು ಓದುಗರಿಂದ ಆರಂಭಿಸುವವನಿಗೆ ಇದು ಸಾಕು.

ಈ ನಡುವೆ ನಮ್ಮ ಬೆಂಗಳೂರಿನದೇ ಒಂದು ಕೊಡುಗೆಯಿದೆ. ಷೇರು ವ್ಯವಹಾರದ ಜೆರೋಧಾ ಸಂಸ್ಥೆಯ ತಂತ್ರಜ್ಞಾನ ಮುಖ್ಯಸ್ಥರಾದ ಕೈಲಾಶ್ ನಾಧ್ ಅವರು, ತಮ್ಮ ಅಸಂಖ್ಯ ಗ್ರಾಹಕರಿಗೆ ಇಮೇಲ್ ಕಳುಹಿಸುವುದಕ್ಕೆ ಆಗ ದೊರೆಯುತ್ತಿದ್ದ ಸಾಧನಗಳು ಸಾಲದೆ, ಲಿಸ್ಟ್‌ಮಂಕ್ ಎಂಬ ತಂತ್ರಾಂಶವನ್ನು ರಚಿಸಿ 2019ರಿಂದ ಅದನ್ನು ಮುಕ್ತವಾಗಿ ಲೋಕಕ್ಕೆ ಕೊಟ್ಟರು. (ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ಕಟ್ಟಿದ 'ಅಲರ್' ಎಂಬ ಕನ್ನಡ-ಇಂಗ್ಲಿಷ್ ನಿಘಂಟು ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆತುದರ ಹಿಂದೆಯೂ ಇದೇ ಕೈಲಾಶ್ ಅವರ ಶ್ರಮವಿದೆ. ಪ್ರಸಂಗವಶಾತ್ ನೆನೆಯಬೇಕಾದ ಉಪಕಾರ.) ಲಿಸ್ಟ್‌ಮಂಕ್ ಪಟ್ಟಿಯನ್ನು ಕಾಪಾಡುತ್ತದೆ, ಪತ್ರವನ್ನು ಸಿದ್ಧಪಡಿಸುತ್ತದೆ, ಪತ್ರವನ್ನು ಹೊರಗೆ ಸಾಗಿಸುವುದಕ್ಕೆ ಮಾತ್ರ ಬೇರೊಂದು ರವಾನೆಯ ಸೇವೆಗೆ ಅದನ್ನು ಜೋಡಿಸಬೇಕು. ಅಂಥ ಸೇವೆಗಳಲ್ಲಿ ಒಂದಾದ ಅಮೆಜಾನಿನದು ಸಾವಿರ ಪತ್ರಕ್ಕೆ ಹತ್ತು ಸೆಂಟು ಪಡೆಯುತ್ತದೆ. 2,000 ಓದುಗರಿಗೆ ವಾರಕ್ಕೊಂದರಂತೆ ತಿಂಗಳಿಗೆ 8,000 ಪತ್ರ ಕಳುಹಿಸಿದರೂ ರವಾನೆಯ ಖರ್ಚು ಒಂದು ಡಾಲರನ್ನು ಮುಟ್ಟುವುದಿಲ್ಲ. ಸರ್ವರಿನ ಬಾಡಿಗೆ ಪ್ರತ್ಯೇಕ. ಆದರೆ ಅದನ್ನು ಸ್ಥಾಪಿಸಿ, ಕಾಲಕಾಲಕ್ಕೆ ನವೀಕರಿಸಿ, ಕೆಟ್ಟಾಗ ಸರಿಪಡಿಸಬಲ್ಲ ಮಿತ್ರನೊಬ್ಬ ಹತ್ತಿರದಲ್ಲಿರಬೇಕು. ನೀತಿಶುದ್ಧಿಯನ್ನು ಬುಡದವರೆಗೂ ಅರಸುತ್ತ ಹೋದವನು ಕೊನೆಗೆ ಅಮೆಜಾನಿನ ಬಾಗಿಲಲ್ಲಿ ನಿಲ್ಲುತ್ತಾನೆ ಎಂಬುದನ್ನೂ ಗಮನಿಸಬೇಕು. ಘೋಸ್ಟ್ ಕೂಡ ತನ್ನ ಸಾಮೂಹಿಕ ಪತ್ರಗಳನ್ನು ಮೇಲ್‌ಗನ್ ಎಂಬ ಇನ್ನೊಂದು ಕಂಪನಿಯ ಮೂಲಕವೇ ಸಾಗಿಸುತ್ತದೆ. ನಿಷ್ಕಳಂಕವಾದ ದಾರಿಯೊಂದು ಇಲ್ಲದಿದ್ದರೂ, ದಾರಿಗಳೆಲ್ಲ ಸಮನಾಗಿ ಕಳಂಕಿತವೆಂದು ಅದರಿಂದ ಸಿದ್ಧವಾಗುವುದಿಲ್ಲ.

ಹೇಗೆ ರವಾನೆಯಾದರೂ ಪತ್ರ ಓದುಗನ ಪೆಟ್ಟಿಗೆಯನ್ನು ಸೇರಬೇಕಷ್ಟೆ. ಇಲ್ಲಿಯೇ ಎಷ್ಟೋ ಉತ್ಸಾಹಿಗಳು ಮುಗ್ಗರಿಸುವುದು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಕಠಿಣ ನಿಯಮಗಳನ್ನು ತಂದಿವೆ. ಪತ್ರ ಯಾರ ಹೆಸರಿನಲ್ಲಿ ಬಂದಿದೆಯೋ ಅವರೇ ಕಳುಹಿಸಿದ್ದು ಎಂಬುದಕ್ಕೆ ಪ್ರಮಾಣ ಬೇಕು: ಈ ಡೊಮೈನಿನ ಹೆಸರಿನಲ್ಲಿ ಯಾವ ಸರ್ವರುಗಳು ಪತ್ರ ಕಳುಹಿಸಬಹುದೆಂಬ ಪಟ್ಟಿ ಎಸ್‌ಪಿಎಫ್, ಪತ್ರವನ್ನು ದಾರಿಯಲ್ಲಿ ತಿದ್ದಿಲ್ಲವೆಂಬುದಕ್ಕೆ ಗೂಢಲಿಪಿಯ ಸಹಿ ಡಿಕೆಐಎಮ್, ಇವೆರಡೂ ತಪ್ಪಿದಾಗ ಏನು ಮಾಡಬೇಕೆಂಬ ಸೂಚನೆ ಡಿಮಾರ್ಕ್. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರು ಈ ಮೂರನ್ನೂ ಪಾಲಿಸಬೇಕು, ಒಂದೇ ಒತ್ತಿಗೆ ಚಂದಾ ರದ್ದಾಗುವ ಗುಂಡಿಯನ್ನೂ ಕೊಡಬೇಕು, ಮತ್ತು ಇದು ಸ್ಪ್ಯಾಮ್ ಎಂದು ದೂರುವವರ ಪ್ರಮಾಣ ಸಾವಿರಕ್ಕೆ ಮೂರನ್ನು ಮುಟ್ಟಬಾರದು. ಸಣ್ಣವರಿಗೆ ಇಷ್ಟೆಲ್ಲ ಕಡ್ಡಾಯವಿಲ್ಲದಿದ್ದರೂ ಪಾಲಿಸಿದವರಿಗೆ ನಷ್ಟವಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳಿಂದ, ಸಮ್ಮೇಳನದ ನೋಂದಣಿ ಪುಸ್ತಕದಿಂದ ವಿಳಾಸ ಹೆಕ್ಕಿ, ಕೇಳದವರಿಗೆಲ್ಲ ಪತ್ರ ಹಾಕುವ ನಮ್ಮವರ ಔದಾರ್ಯ ಇಲ್ಲಿ ನಡೆಯದು. ಸಾವಿರ ಜನರಲ್ಲಿ ಮೂವರು ಬೇಸತ್ತು ದೂರಿದರೆ ಸಾಕು, ಉಳಿದವರಿಗೂ ಪತ್ರ ಮುಟ್ಟುವುದು ಅನುಮಾನ.

ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲೊಂದು ವಿಶೇಷ ತೊಡಕುಂಟು. ಜಿಮೇಲ್ ಸುಮಾರು 102 ಕಿಲೋಬೈಟ್ ದಾಟಿದ ಪತ್ರವನ್ನು ನಡುವೆಯೇ ಕತ್ತರಿಸಿ, ಉಳಿದುದನ್ನು ನೋಡಲು ಇಲ್ಲಿ ಒತ್ತಿ ಎಂದು ಒಂದು ಕೊಂಡಿಯನ್ನಿಡುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕಾದರೆ, ಯೂನಿಕೋಡಿನ ಪ್ರಚಲಿತ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು. 'ಕ್ಷ' ಎಂದು ಬರೆದಾಗ ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಯಂತ್ರಕ್ಕೆ ಕಕಾರ, ಹಲಂತ, ಷಕಾರ ಎಂಬ ಮೂರು ಸಂಕೇತಗಳು, ಒಟ್ಟು ಒಂಬತ್ತು ಬೈಟುಗಳು. ಎರಡು ಸಾವಿರ ಪದಗಳ ಕನ್ನಡ ಪ್ರಬಂಧವೊಂದು ತಾನೇ ಸುಮಾರು 50 ಕಿಲೋಬೈಟನ್ನು ತಿಂದುಹಾಕುತ್ತದೆ. ವೇದಿಕೆಯ ಅಲಂಕಾರ, ಗುಂಡಿಗಳು, ಕೊಂಡಿಗಳು ಅದರ ಮೇಲೆ ಸೇರಿದರೆ ಮಿತಿ ಮೀರುವುದು ಕಷ್ಟವೇನಲ್ಲ. ಕತ್ತರಿಸಿದ ಪತ್ರದಲ್ಲಿ ಮೊದಲು ಮಾಯವಾಗುವುದು ತಳದಲ್ಲಿರುವ ಚಂದಾ ರದ್ದುಮಾಡುವ ಕೊಂಡಿ. ಹೊರಡಲು ದಾರಿ ಕಾಣದ ಓದುಗ ಸ್ಪ್ಯಾಮ್ ಗುಂಡಿಯನ್ನೇ ಒತ್ತುತ್ತಾನೆ. ಆದುದರಿಂದ ದೀರ್ಘವಾಗಿ ಬರೆಯುವ ಕನ್ನಡ ಲೇಖಕರು ಸರಳವಾದ, ಅಲಂಕಾರವಿಲ್ಲದ ಪತ್ರವಿನ್ಯಾಸವನ್ನು ಕೊಡುವ ವೇದಿಕೆಯನ್ನೇ ಆರಿಸುವುದು ಕ್ಷೇಮ.

ಹಣ ಪಡೆಯುವ ವಿಚಾರದಲ್ಲಿ ಊರಿಂದೂರಿಗೆ ವ್ಯತ್ಯಾಸವಿದೆ. ಸಬ್‌ಸ್ಟ್ಯಾಕ್, ಘೋಸ್ಟ್, ಬಟನ್‌ಡೌನ್ ಮೂರೂ ಸ್ಟ್ರೈಪ್ ಕಂಪನಿಯನ್ನು ನೆಚ್ಚಿಕೊಂಡಿವೆ. ಸ್ಟ್ರೈಪ್ ಭಾರತದಲ್ಲಿ 2024ರಿಂದ ತಾನಾಗಿ ಆಹ್ವಾನಿಸಿದವರಿಗೆ ಮಾತ್ರ ಹೊಸ ಖಾತೆ ಕೊಡುತ್ತಿದೆ. ನ್ಯೂ ಜೆರ್ಸಿಯಲ್ಲಿರುವ ಕನ್ನಡಿಗ ಲೇಖಕನಿಗೆ ಕ್ಷಣಮಾತ್ರದ ಕೆಲಸವಾದುದು ಶಿರಸಿಯ ಲೇಖಕಿಗೆ ಗಗನಕುಸುಮವಾಗಬಹುದು. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರಿನಿಂದ ವಿಧಿಸಿದ ನಿಯಮಗಳು ಗ್ರಾಹಕರ ರಕ್ಷಣೆಗೆ ಒಳ್ಳೆಯವಾದರೂ, ವಿದೇಶಿ ಸೇವೆಗಳ ಚಂದಾ ನಡುವೆಯೇ ಕಡಿದುಹೋಗುವುದಕ್ಕೆ ಕಾರಣವಾದವು. ಕರ್ನಾಟಕದಲ್ಲಿದ್ದು ಇಲ್ಲಿಯ ಓದುಗರಿಂದಲೇ ಚಂದಾ ಪಡೆಯಬಯಸುವವರು, ಪತ್ರಿಕೆಯನ್ನು ಉಚಿತವಾಗಿಟ್ಟು, ವರ್ಷಕ್ಕೊಮ್ಮೆ ಯುಪಿಐ ಮೂಲಕ ಚಂದಾ ಸ್ವೀಕರಿಸುವುದೇ ಸದ್ಯಕ್ಕೆ ಹೆಚ್ಚು ನಡೆಯುವ ಮಾತು.

ಓದುಗನ ಖಾಸಗಿತನದ ವಿಚಾರವನ್ನು ಕೊನೆಗೆ ಇಟ್ಟಿರುವುದು ಅದು ಸಣ್ಣದೆಂದಲ್ಲ. ಬಹುಮಟ್ಟಿಗೆ ಎಲ್ಲ ವೇದಿಕೆಗಳೂ ಪತ್ರದೊಳಗೆ ಕಣ್ಣಿಗೆ ಕಾಣದ ಒಂದು ಚಿತ್ರಬಿಂದುವನ್ನು ಸೇರಿಸುತ್ತವೆ. ಓದುಗ ಪತ್ರ ತೆರೆದೊಡನೆ ಅದು ಸರ್ವರ್‌ಗೆ ಸುದ್ದಿ ಮುಟ್ಟಿಸುತ್ತದೆ. 2021ರಲ್ಲಿ ಆ್ಯಪಲ್ ತನ್ನ ಮೇಲ್ ತಂತ್ರಾಂಶದಲ್ಲಿ ಈ ಚಿತ್ರಗಳನ್ನು ಓದುಗ ತೆರೆಯುವ ಮೊದಲೇ ತಾನೇ ತರಿಸಿಕೊಳ್ಳುವ ಏರ್ಪಾಡು ಮಾಡಿದಂದಿನಿಂದ, ಇಷ್ಟು ಮಂದಿ ಓದಿದರು ಎಂಬ ಲೆಕ್ಕ ನಂಬಲರ್ಹವಾಗಿ ಉಳಿದಿಲ್ಲ. ನಂಬಲಾಗದ ಲೆಕ್ಕಕ್ಕಾಗಿ ಓದುಗನ ಮೇಲೆ ಕಣ್ಣಿಡುವುದಕ್ಕಿಂತ ಆ ಸಾಧನವನ್ನು ನಿಲ್ಲಿಸಿಬಿಡುವುದು ಲೇಸು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ವಿಳಾಸ ಪಡೆಯುವಾಗ ಅದನ್ನು ಯಾತಕ್ಕಾಗಿ ಬಳಸುತ್ತೇವೆಂದು ತಿಳಿಸಿ ಸಮ್ಮತಿ ಪಡೆಯಬೇಕು, ಆ ಕೋರಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಜನರಿಗಿರಬೇಕು ಎನ್ನುತ್ತದೆ ಆ ಕಾಯಿದೆ. ಕನ್ನಡ ಪತ್ರಿಕೆಯ ನೋಂದಣಿ ಪುಟದಲ್ಲಿ ಇಂಗ್ಲಿಷಿನ ಕರಾರುಪತ್ರವೊಂದನ್ನೇ ತೋರಿಸುವ ವೇದಿಕೆ ಈ ದೃಷ್ಟಿಯಿಂದಲೂ ಅನುಕೂಲವಲ್ಲ.

ಇಷ್ಟನ್ನು ತೂಗಿ ನೋಡಿ ಹೇಳುವುದಾದರೆ, ಇನ್ನೂರು ಮುನ್ನೂರು ಓದುಗರ ಕನ್ನಡ ಪತ್ರಿಕೆಗೆ ಬಟನ್‌ಡೌನ್‌ನಂಥ ಸಣ್ಣ ಸೇವೆಯನ್ನೂ, ಚಂದಾ ವರಮಾನ ಚೆನ್ನಾಗಿರುವವರಿಗೆ ಘೋಸ್ಟನ್ನೂ, ತಂತ್ರಜ್ಞ ಮಿತ್ರರಿರುವ ಸಂಘಸಂಸ್ಥೆಗಳಿಗೂ ಹೊರನಾಡಿನ ಕನ್ನಡ ಕೂಟಗಳಿಗೂ ಲಿಸ್ಟ್‌ಮಂಕನ್ನೂ ನಾನು ಸೂಚಿಸುತ್ತೇನೆ. ಹಣದ ಅಡಚಣೆಯಿಂದ ಸಬ್‌ಸ್ಟ್ಯಾಕ್‌ನಲ್ಲಿಯೇ ಬರೆಯುವವರನ್ನು ಹಳಿಯುವುದು ನನಗೆ ಒಪ್ಪಿಗೆಯಿಲ್ಲ; ಆದರೆ ಅವರು ಒಂದು ಸಂಗತಿಯನ್ನು ತಿಳಿದಿರಲಿ. ಅಲ್ಲಿ ಇಮೇಲ್ ಕೊಟ್ಟ ಚಂದಾದಾರರ ಪಟ್ಟಿಯನ್ನು ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದು, ಇದು ಆ ಸಂಸ್ಥೆಯ ಹೆಚ್ಚುಗಾರಿಕೆ. ಆದರೆ ಅದರ ಆ್ಯಪ್‌ನಲ್ಲಿ ಸುಮ್ಮನೆ ಹಿಂಬಾಲಿಸುವವರ ಇಮೇಲ್ ವಿಳಾಸ ಲೇಖಕನಿಗೆ ದೊರೆಯುವುದಿಲ್ಲ, ಹೊರಡುವ ದಿನ ಅವರು ಅಲ್ಲಿಯೇ ಉಳಿಯುತ್ತಾರೆ. ಹತ್ತು ಸಾವಿರ ಹಿಂಬಾಲಕರಿದ್ದಾರೆಂದು ಹಿಗ್ಗುವವನ ಕೈಯಲ್ಲಿ ನಿಜವಾಗಿ ಇರುವುದು ಇಮೇಲ್ ಕೊಟ್ಟ ಎಂಟುನೂರು ಜನರೇ ಆಗಿರಬಹುದು.

ಯಾವ ವೇದಿಕೆಯನ್ನು ಆರಿಸಿದರೂ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುವ ಸ್ವಂತ ಡೊಮೈನನ್ನು ಮೊದಲೇ ಕೊಂಡು, ಸಾಧ್ಯವಿರುವಲ್ಲಿ ಪತ್ರವನ್ನು ಆ ಹೆಸರಿನಿಂದಲೇ ಕಳುಹಿಸುವುದು ಒಳ್ಳೆಯದು. ಪಟ್ಟಿಯನ್ನು ತಿಂಗಳಿಗೊಮ್ಮೆಯಾದರೂ ಇಳಿಸಿಕೊಂಡು, ಗುಪ್ತಪದವಿಟ್ಟು ಕಾಪಾಡಬೇಕು. ಹೊಸ ಜಾಗಕ್ಕೆ ಹೋಗುವಾಗ, ಚಂದಾ ರದ್ದುಮಾಡಿಕೊಂಡವರ ಹೆಸರುಗಳನ್ನು ಬೇರ್ಪಡಿಸಿದ ಮೇಲೆಯೇ ಉಳಿದವರನ್ನು ಸೇರಿಸಬೇಕು; ಹಿಂದೊಮ್ಮೆ ಸಾಕೆಂದು ಹೋದವನಿಗೆ ಹೊಸ ವೇದಿಕೆಯಿಂದ ಬಂದ ಮೊದಲ ಪತ್ರದಷ್ಟು ಸಿಟ್ಟು ತರಿಸುವುದು ಬೇರೊಂದಿಲ್ಲ. ಹೊರಡುವ ಮುನ್ನ ಹಳೆಯ ವಿಳಾಸದಿಂದಲೇ ಒಂದು ಪತ್ರ ಬರೆದು, ಮುಂದಿನ ಸಂಚಿಕೆ ಯಾವ ಹೊಸ ವಿಳಾಸದಿಂದ ಬರುತ್ತದೆಂದು ತಿಳಿಸಿ, ಅದನ್ನು ತಮ್ಮ ಸಂಪರ್ಕಗಳ ಪಟ್ಟಿಗೆ ಸೇರಿಸಿಕೊಳ್ಳುವಂತೆ ಓದುಗರನ್ನು ಕೇಳಿಕೊಂಡರೆ, ಹೊಸ ಜಾಗದ ಮೊದಲ ಸಂಚಿಕೆ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವ ಸಂಭವ ಬಹಳ ಕಡಿಮೆಯಾಗುತ್ತದೆ.